ಅಬ್ಬರದ ಗಿಟಾರೂ ಹಾಡಿನ ಮಾತೂ

ಹೆವಿ ಮೆಟಲ್ ಎಂಬ ಹೆಸರನ್ನು ಕೇಳಿದೊಡನೆಯೇ ವಾಚಕರಲ್ಲಿ ಹಲವರು ಕಿವಿ ಮುಚ್ಚಿಕೊಳ್ಳಬಹುದು. ಕುಂದಗೋಳದ ಸವಾಯಿ ಗಂಧರ್ವರು (1886–1952) ಹಾಡಿದ ಈ ಧಾರವಾಡ ಸೀಮೆಯಲ್ಲಿ ಅದಕ್ಕೇನು ಕೆಲಸ ಎನ್ನುವವರೂ ಉಂಟು. ಆದರೆ 1970ರಲ್ಲಿ ಇಂಗ್ಲಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬಾಥ್ ಮೇಳದವರು ತಮ್ಮ ಮೊದಲ ಧ್ವನಿಮುದ್ರಿಕೆಯನ್ನು ಹೊರಡಿಸಿದಂದಿನಿಂದ ಈ ಸಂಗೀತವು ದೇಶದೇಶಗಳನ್ನು ತಿರುಗಿ, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಮೇಳಗಳೊಡನೆ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತು. ಕಲಘಟಗಿಯ ನಮ್ಮ ಮನೆಯ ಅಟ್ಟವನ್ನು ಅದು ಏರಿದುದರಲ್ಲಿ ಆಶ್ಚರ್ಯವೇನು?

ತೀರಿಕೊಂಡ ನಮ್ಮ ಅಣ್ಣನ ಮಗನು ತಂದೆಯನ್ನು ನೆನೆದು ಕನ್ನಡದಲ್ಲಿ ಹಾಡೊಂದನ್ನು ಕಟ್ಟಿ, ಗೆಳೆಯರೊಡನೆ ಬಾರಿಸಿ, ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ಕಂಪ್ಯೂಟರಿನಲ್ಲಿ ಮುದ್ರಿಸಿ ತಂದನು. ಅವೆಲ್ಲವನ್ನೂ ಹದವಾಗಿ ಕೂಡಿಸುವದಕ್ಕೆ ಮಿಕ್ಸಿಂಗ್ ಎನ್ನುವರು. “ಕಾಕಾ, ತಂಬೂರಿ ಶ್ರುತಿ ಮಾಡೋ ಕಿವಿ ನಿಮ್ಮದೈತಿ, ಬರ್ರಿ, ಇಬ್ಬರೂ ಕೂಡಿ ಕಲಿಯೋಣು” ಎಂದನು. ವೈನಿಯವರು ಬೇಡಿದ್ದು ಒಂದೇ: “ಹುಡುಗ ಏನ ಹಾಡ್ಯಾನ ಅನ್ನೂದು ನನಗ ತಿಳೀಬೇಕು ನೋಡ್ರಿ.”

ತಂಬೂರಿಯು ನಿಜವಾಗಿಯೂ ಉಪಯೋಗಕ್ಕೆ ಬಂದಿತು. ಅದರ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನೆಳೆಯನ್ನು ಇರಿಸುವರಷ್ಟೆ? ಎಳೆಯು ತಕ್ಕ ಸ್ಥಳದಲ್ಲಿ ಕುಳಿತರೆ ಜವಾರಿಯು ತೆರೆದು, ಒಂದೇ ತಂತಿಯಿಂದ ಹಲವು ಉಪಸ್ವರಗಳು ಹೊಮ್ಮುವವು. ತುಸು ಸರಿದರೆ ನಾದವು ಕೆಡುವದು. ಗಿಟಾರಿನ ಡಿಸ್ಟಾರ್ಶನ್ನೂ ಹೀಗೆಯೇ ನಾದಕ್ಕೆ ಉಪಸ್ವರಗಳನ್ನು ಕೂಡಿಸುವದು. ನಾದವು ಭಾರವಾಗಬೇಕಾದರೆ ಅದನ್ನು ಹೆಚ್ಚಿಸಬೇಕೆಂದು ಹೊಸಬರಿಗೆ ತೋರುವದು ಸಹಜ. ವಸ್ತುಸ್ಥಿತಿ ಬೇರೆ, ಅತಿಯಾದರೆ ಮೀಟಿನ ಪೆಟ್ಟೇ ಕರಗಿ ಜೇನ್ನೊಣದ ಸದ್ದು ಉಳಿಯುವದು. ಡಿಸ್ಟಾರ್ಶನ್ನನ್ನು ಮಿತವಾಗಿರಿಸಿ, ಅದೇ ಗತ್ತನ್ನು ಎರಡು ಸಾರೆ ಬಾರಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇರಿಸಿದರೆ ನಾದಕ್ಕೆ ಅಗಲ ಬರುವದು. ಒಂದೇ ಮುದ್ರಣವನ್ನು ನಕಲು ಮಾಡಿ ಎರಡೂ ಕಡೆ ಇಟ್ಟರೆ ಅದು ನಡುವಿನಲ್ಲಿಯೇ ನಿಲ್ಲುವದು. ಮನುಷ್ಯನ ಕೈ ಎರಡನೆಯ ಸಾರೆ ಮಾಡುವ ಅಲ್ಪ ವ್ಯತ್ಯಾಸವೇ ಆ ಅಗಲಕ್ಕೆ ಕಾರಣವೆಂಬುದು ನನಗೆ ಬಹು ಹಿಡಿಸಿತು.

ಇನ್ನು ಭಾರದ ಮಾತು. ಅದು ಬಹುಪಾಲು ಬೇಸ್ ಗಿಟಾರಿನದು. ವಾಡಿಕೆಯ ಶ್ರುತಿಯಲ್ಲಿ ಗಿಟಾರಿನ ಅತಿ ಮಂದ್ರ ತಂತಿಯು ಸೆಕೆಂಡಿಗೆ ಸುಮಾರು 82 ಸಾರೆ ಕಂಪಿಸಿದರೆ ಬೇಸಿನದು 41 ಸಾರೆ. ಗಿಟಾರಿನಲ್ಲಿ ಸುಮಾರು 80ರ ಕೆಳಗಿರುವ ಗುಡುಗನ್ನು ಈಕ್ವಲೈಜರಿನಿಂದ ತೆಗೆದುಹಾಕಿದರೆ ಬೇಸಿಗೂ ಡ್ರಮ್ಮಿಗೂ ಇಂಬಾಗುವದು. ಆಗ ಗಿಟಾರು ಒಂಟಿಯಾಗಿ ಬಡಕಲೆನಿಸಿದರೂ ಮೇಳದಲ್ಲಿ ತುಂಬಿ ಕೇಳುವದು.

ಹಾಡಿನ ಮಾತಿನ ಪ್ರಶ್ನೆಯೇ ಕಠಿಣವಾದುದು. ವ್ಯಂಜನಗಳ ಸ್ಪಷ್ಟತೆಯು ಬಹುಮಟ್ಟಿಗೆ 2000 ಮತ್ತು 4000ದ ನಡುವಿನ ಕಂಪನಗಳನ್ನು ಅವಲಂಬಿಸಿದೆ. ಗಿಟಾರಿನ ಕರ್ಕಶತೆಯೂ ಅಲ್ಲಿಯೇ ದಟ್ಟವಾಗಿರುವದು. ಆದುದರಿಂದ ಧ್ವನಿಯನ್ನು ನಡುವಿನಲ್ಲಿರಿಸಿ, ಗಿಟಾರುಗಳನ್ನು ಆ ಎಡೆಯಲ್ಲಿ ಮಾತ್ರ ತುಸು ತಗ್ಗಿಸಿದೆವು. ಹುಡುಗನಿಗೆ ಇದು ಒಪ್ಪಿಗೆಯಾಗಲು ಎರಡು ದಿನ ಹಿಡಿಯಿತು. ಪರೀಕ್ಷೆಯೆಲ್ಲ ಇಳಿದನಿಯಲ್ಲಿಯೇ, ದೊಡ್ಡ ದನಿಯಲ್ಲಿ ಯಾವುದೂ ಚೆನ್ನಾಗಿಯೇ ತೋರುವದು.

ಅಡಿಗೆಮನೆಯ ಸಣ್ಣ ಸ್ಪೀಕರಿನಲ್ಲಿ ವೈನಿಯವರು ರೊಟ್ಟಿ ಬಡಿಯುತ್ತಲೇ ಕೇಳಿದರು. ಮೊದಲ ನುಡಿಯು ಪೂರ್ತಿ ತಿಳಿಯಿತು. ಎರಡನೆಯದರಲ್ಲಿ ಒಂದು ಮಾತು ಕೇಳಿಸಲಿಲ್ಲವೆಂದರು. ಅಣ್ಣನು ಮಗನನ್ನು ಕರೆಯುತ್ತಿದ್ದ ಮುದ್ದಿನ ಹೆಸರು ಅದು. ಡ್ರಮ್ಮಿನ ಕಂಚಿನ ತಟ್ಟೆಯ ಸಪ್ಪಳವು ಅದನ್ನು ನುಂಗಿದ್ದಿತು. ಆ ಕ್ಷಣದ ಮಟ್ಟಿಗೆ ತಟ್ಟೆಯನ್ನು ತಗ್ಗಿಸಿ ಮತ್ತೊಮ್ಮೆ ಕೇಳಿಸಿದೆವು.

“ಈಗ ಬಂತು” ಎಂದರು.