ಒಂದು ಮತದ ತೂಕ

ಇಂಗ್ಲೆಂಡಿನ ವಿದ್ಯಾನಗರಿ ಆಕ್ಸ್‌ಫರ್ಡಿನ ಪಶ್ಚಿಮ ಭಾಗವೂ ನೆರೆಯ ಆಬಿಂಗ್ಡನ್ ಪಟ್ಟಣವೂ ಕೂಡಿದ ಪಾರ್ಲಿಮೆಂಟ್ ಕ್ಷೇತ್ರದ ಫಲಿತಾಂಶಗಳನ್ನು ಓದುವಾಗ ನನ್ನ ಮನಸ್ಸು ಒಂದು ಅಂಕಿಯಲ್ಲಿ ನಿಂತಿತು. 2010ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ಇವಾನ್ ಹ್ಯಾರಿಸರು ಅಲ್ಲಿ ಸೋತದ್ದು ಕೇವಲ 176 ಮತಗಳಿಂದ. ದಾಸೋಹದ ಒಂದು ಪಂಕ್ತಿಗೆ ಕೂಡುವಷ್ಟು ಜನ! 2017ರಲ್ಲಿ ಗ್ರೀನ್ ಪಕ್ಷವು ಸ್ಪರ್ಧಿಸಲಿಲ್ಲ. ಲಿಬರಲ್ ಡೆಮಾಕ್ರಾಟ್ ಪಕ್ಷದ ಲೇಲಾ ಮೊರಾನ್ 816 ಮತಗಳಿಂದ ಗೆದ್ದರು. 2024ರಲ್ಲಿ ಅವರ ಅಂತರ ಹದಿನಾಲ್ಕು ಸಾವಿರವನ್ನು ದಾಟಿತು.

ಹಿಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೇ ಪ್ರತ್ಯೇಕವಾಗಿ ಇಬ್ಬರು ಸದಸ್ಯರಿದ್ದರು. ಪದವೀಧರರಿಗೆ ಹೆಚ್ಚುವರಿ ಮತವಿತ್ತು. 1950ರಲ್ಲಿ ಅದು ಕೊನೆಗೊಂಡಿತು. ಇಂದು ಅಲ್ಲಿ ಪಂಡಿತನಿಗೂ ಒಂದೇ ಮತ, ಕಾಲೇಜಿನ ಅಡುಗೆಯವನಿಗೂ ಒಂದೇ ಮತ. ಸಮತೆಯನ್ನು ಸಾರಿದ ಶರಣರ ನಾಡಿನವರಾದ ನಮಗೆ ಈ ಮಾತು ಹೊಸದಲ್ಲ. ಆದರೂ ಕಲಿತವರಾದ ನಾವೇ ಮತದಾನದ ದಿನ ಮನೆಯಲ್ಲಿ ಉಳಿದರೆ, ಆ 176ರ ಪಂಕ್ತಿಯಲ್ಲಿ ನಮ್ಮ ಎಲೆಯೇ ಬರಿದಾಗಿ ಉಳಿದೀತು.