ಅಳಿಯನ ಸ್ಪ್ಯಾನಿಷ್

ಮುರಗೋಡದಲ್ಲಿ ಮರಾಠಿ ಕಲಿಯಲು ಯಾರೂ ಫೀ ಕಟ್ಟಿದ್ದಿಲ್ಲ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರದ ಅಂಗಡಿ ಹಾಕಿ ಕೂತರೆ ಸಾಕು, ಸಾಂಗಲಿ, ಕೊಲ್ಹಾಪುರದ ಮಂದಿ ಚೌಕಾಸಿ ಮಾಡುತ್ತಲೇ ಕಲಿಸಿ ಹೋಗುತ್ತಾರೆ. ಚಿದಂಬರ ಮಹಾಸ್ವಾಮಿಗಳು ಹುಟ್ಟಿದ ಊರೆಂದು ಇಲ್ಲಿಗೇ ಬರುವ ಭಕ್ತರಲ್ಲೂ ಮರಾಠಿಯವರಿದ್ದಾರೆ. ಹೀಗಿರುವಾಗ ಅಕ್ಕನ ಮಗ ಬೆಂಗಳೂರಿನ ನೌಕರಿಗೆ ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿ, ಸ್ಪ್ಯಾನಿಷ್ ಕಲಿಯಲು ಗ್ವಾಟೆಮಾಲಕ್ಕೆ ಹೊರಟು ನಿಂತಾಗ ಅಕ್ಕ ಕೇಳಿದ್ದು ಒಂದೇ: "ಅಲ್ಲೋ, ಅದನ್ನ ಕಲತು ಯಾರ ಕೂಡ ಮಾತಾಡಾಂವ?"

ಅವನು ಹೋದದ್ದು ಸಾನ್ ಪೆದ್ರೊ ಲಾ ಲಗೂನ ಎಂಬ ಊರಿಗೆ. ಮುಂದೆ ಆತಿತ್ಲಾನ್ ಸರೋವರ, ಹಿಂದೆ 3,020 ಮೀಟರ್ ಎತ್ತರದ ಜ್ವಾಲಾಮುಖಿ. ಪಾನಾಹಾಚೆಲ್ ಊರಿನಿಂದ ದೋಣಿ ಹಿಡಿದು ಬರುವವರೇ ಹೆಚ್ಚು. ಸಾವಿರಾರು ವರ್ಷಗಳ ಹಿಂದೆ ಬೆಟ್ಟ ಸಿಡಿದು ಕುಸಿದಾಗ ಆದ ಕುಳಿಯಲ್ಲಿ ನಿಂತ ನೀರು ಅದು. ಆಳ 300 ಮೀಟರಿಗೂ ಹೆಚ್ಚು. ನಮ್ಮ ರೇಣುಕಾಸಾಗರ ತುಂಬಿದರೆ ನವಿಲುತೀರ್ಥದಲ್ಲಿ ಗೇಟು ಎತ್ತುತ್ತಾರೆ, ಮಲಪ್ರಭೆ ತನ್ನ ದಾರಿ ಹಿಡಿಯುತ್ತಾಳೆ. ಆತಿತ್ಲಾನಿನಿಂದ ಹೊರಬೀಳುವ ಹೊಳೆಯೇ ಇಲ್ಲ. ಮಳೆ ಜೋರಾದ ವರ್ಷ ನೀರು ಮೇಲೇರುತ್ತದೆ, ದಂಡೆಯ ಮೇಲಿನ ಕಟ್ಟಡಗಳು ಅರ್ಧ ಮುಳುಗುತ್ತವೆ. 2010ರಲ್ಲಿ ಚಂಡಮಾರುತ ಬಂದುಹೋದ ಮೇಲೆ ಹಾಗಾಗಿತ್ತು.

ಅಲ್ಲಿ ಸ್ಪ್ಯಾನಿಷ್ ಕಲಿಸುವ ರೀತಿಯಲ್ಲಿ ಗುಟ್ಟೇನಿಲ್ಲ. ದಿನಕ್ಕೆ ನಾಲ್ಕು ತಾಸು ತೋಟದೊಳಗಿನ ಗುಡಿಸಿಲಲ್ಲಿ ಒಬ್ಬ ಶಿಷ್ಯನಿಗೆ ಒಬ್ಬರೇ ಗುರು, ಎದುರಾಬದುರು. ಉಳಿದ ಹೊತ್ತು ಊರಿನ ಯಾರದೋ ಮನೆಯಲ್ಲಿ ವಾಸ, ಅವರು ಹಾಕಿದ್ದೇ ಊಟ. ಅಲ್ಲಿ ರಾತ್ರಿ ಎಂಟು ಹೊಡೆದಾಗ ನಮಗೆ ಮುಂಜಾನೆ ಏಳೂವರೆ. ಹಾಗಾಗಿ ನಮ್ಮ ಚಹದ ಹೊತ್ತಿಗೆ ಸರಿಯಾಗಿ ಅವನ ಫೋನು ಬರುತ್ತಿತ್ತು. ಮೊದಮೊದಲು ಬರೀ ಊಟದ ಸುದ್ದಿ. "ಮಾಮಾ, ಇಲ್ಲೂ ರೊಟ್ಟಿನ. ಕೈಯಾಗ ಬಡಿತಾರ. ಸಪ್ಪಳ ಕೇಳಿದ್ರ ನಮ್ಮ ಅಡಗಿಮನಿನ ಅನಸ್ತದ."

ನಾವು ಗೋವಿನಜೋಳ ಎಂದು ಸಾಲುಗಟ್ಟಿ ಬಿತ್ತುತ್ತೇವಲ್ಲ, ಅದರ ತವರು ಆ ಸೀಮೆಯೇ. ಅದನ್ನು ಸುಣ್ಣದ ನೀರಿನಲ್ಲಿ ಕುದಿಸಿ, ತೊಳೆದು, ಅರೆದು ರೊಟ್ಟಿ ಮಾಡುತ್ತಾರೆ. ಆ ಜೋಳ ಯುರೋಪಿಗೆ ಹೋಯಿತು, ಸುಣ್ಣದಲ್ಲಿ ಕುದಿಸುವ ಪದ್ಧತಿ ಮಾತ್ರ ಅದರ ಜೊತೆ ಹೋಗಲಿಲ್ಲ. ಅದೊಂದನ್ನೇ ಉಂಡು ಬದುಕಿದ ಅಲ್ಲಿನ ಬಡವರಿಗೆ ಪೆಲ್ಲಾಗ್ರಾ ಎಂಬ ರೋಗ ಬಂತು. ಅಜ್ಜಿಯಂದಿರನ್ನು ಕೇಳದೆ ಕಾಳನ್ನಷ್ಟೇ ಹೊತ್ತೊಯ್ದರೆ ಮತ್ತೇನಾಗುತ್ತದೆ?

ಕೆಲವು ದಿನ ಕಳೆದ ಮೇಲೆ ಅವನ ದನಿಯಲ್ಲಿ ಸ್ವಲ್ಪ ಮೋಸಹೋದವನ ಧಾಟಿ ಬಂತು. ಮನೆಯ ಯಜಮಾನಿ ಇವನ ಜೊತೆ ಸ್ಪ್ಯಾನಿಷ್ ಮಾತಾಡುತ್ತಾಳೆ, ಆದರೆ ತನ್ನ ತಾಯಿಯ ಕೂಡ ಬೇರೆಯದೇ ಮಾತು. ಮಕ್ಕಳನ್ನು ಬೈಯುವುದೂ ಅದರಲ್ಲೇ. ವಿಚಾರಿಸಿದರೆ ಅದು ತ್ಸುತುಹಿಲ್, ಮಾಯಾ ನುಡಿಗಳಲ್ಲಿ ಒಂದು. ಗ್ವಾಟೆಮಾಲದಲ್ಲಿ ಅಂಥವು ಇಪ್ಪತ್ತಕ್ಕೂ ಹೆಚ್ಚು ಇವೆ. ಸ್ಪ್ಯಾನಿಷ್ ಅವಳು ಶಾಲೆಗೆ ಹೋಗಿ ಕಲಿತದ್ದು, ಇವನ ಗುರುವೂ ಅಷ್ಟೆ. "ಎರಡನೇ ಕೈ ಸ್ಪ್ಯಾನಿಷ್ ಕೊಂಡಂಗಾತು ಮಾಮಾ" ಎಂದ.

ನಾನು ಒಪ್ಪಲಿಲ್ಲ. ಈ ವಿಷಯದಲ್ಲಿ ನನ್ನದು ಹಟವೆಂದರೂ ಸರಿ: ತೊಟ್ಟಿಲಲ್ಲಿ ಕಲಿತವನಿಗಿಂತ ಬೆಳೆದ ಮೇಲೆ ಬೆವರಿ ಕಲಿತವನೇ ಒಳ್ಳೆಯ ಮೇಷ್ಟ್ರು. ಎಲ್ಲಿ ಮುಗ್ಗರಿಸುತ್ತಾರೆಂದು ಅವನಿಗೆ ಗೊತ್ತು, ಯಾಕೆಂದರೆ ಅಲ್ಲಿ ತಾನೂ ಬಿದ್ದಿರುತ್ತಾನೆ. ತೊಟ್ಟಿಲವನನ್ನು ಕೇಳಿ ನೋಡಿ, "ಅದು ಹಂಗ ರೀ" ಎಂದುಬಿಡುತ್ತಾನೆ. ಧಾರವಾಡದಲ್ಲಿ ಸಾಧನಕೇರಿಯ ದಂಡೆಯ ಮೇಲೆ ಮನೆ ಮಾಡಿಕೊಂಡಿದ್ದ ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡವನ್ನು ಕುಣಿಸಿದಷ್ಟು ಕುಣಿಸಿದ ಅಚ್ಚ ಕನ್ನಡ ಮನೆಯವರು ಎಷ್ಟು ಮಂದಿ? ಬೆನ್ನಿಗೆ ಚೀಲ ಹಾಕಿ ಭಾಷೆ ಹುಡುಕಿಕೊಂಡು ಹೋಗುವುದೂ ಇವನಿಂದ ಶುರುವಾದದ್ದಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಈ ಸೀಮೆಗೆ ಬಂದ ಕಿಟ್ಟೆಲ್ ಕನ್ನಡಕ್ಕಾಗಿ ಹಳ್ಳಿ ಹಳ್ಳಿ ನಡೆದರು. ಜರ್ಮನಿಯಲ್ಲಿ ಹುಟ್ಟಿದ ಆ ಪಾದ್ರಿಯ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಇಂದಿಗೂ ಅನುಮಾನ ಬಂದರೆ ನಾವು ಅದನ್ನೇ ತೆಗೆದು ನೋಡುತ್ತೇವೆ.

ನಿಜ ಹೇಳಬೇಕೆಂದರೆ ನಮ್ಮ ಹುಡುಗನಿಗೆ ಸ್ಪ್ಯಾನಿಷ್ ಬೇಗನೆ ಹತ್ತಿತು. ನೀನು-ನೀವುಗಳ ಲೆಕ್ಕ ಅಲ್ಲೂ ಇದೆ. ಕ್ರಿಯಾಪದದ ಬಾಲ ನೋಡಿದರೆ ಕೆಲಸ ಮಾಡಿದವರು ನಾನೋ ನೀನೋ ಅವರೋ ಎಂದು ತಿಳಿಯುತ್ತದೆ. ರೊಟ್ಟಿ ನನಗೆ ಸೇರುತ್ತದೆ ಎನ್ನುತ್ತೇವಲ್ಲ, ಅಲ್ಲೂ ವಾಕ್ಯದ ಕಟ್ಟು ಅದೇ. ಅವನ ಜೊತೆಗಿದ್ದ ಇಂಗ್ಲಿಷ್ ಹುಡುಗರು ಅಲ್ಲೇ ಹೂತುಕೊಂಡರಂತೆ. ಅವರಿಗೆ ವ್ಯಾಕರಣ ತೊಡಕಾದದ್ದಕ್ಕಿಂತ ದಂಡೆಯ ಹೋಟೆಲುಗಳು ತೊಡಕಾದದ್ದು ಹೆಚ್ಚು ಎಂದು ನನ್ನ ಗುಮಾನಿ: ಸಂಜೆಯಾದರೆ ಅಲ್ಲಿ ಚೀಲದವರೆಲ್ಲ ಸೇರಿ, ತಾವು ಸ್ಪ್ಯಾನಿಷ್ ಕಲಿಯುತ್ತಿರುವ ವಿಚಾರವನ್ನು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ.

ಅವನು ತಿರುಗಿ ಬಂದಾಗಿನಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ನಮ್ಮ ಕಡೆಯ ಬ್ಯಾಂಕುಗಳಿಗೆ ಬಿಹಾರ, ಆಂಧ್ರದಿಂದ ಹುಡುಗರು ಬರುತ್ತಾರೆ. ಬೈಲಹೊಂಗಲದಲ್ಲಿ ಖೋಲಿ ಹಿಡಿಯುತ್ತಾರೆ, "ಸರ್ವರ್ ಇಲ್ಲ" ಎಂಬಷ್ಟು ಕನ್ನಡ ಕಲಿಯುತ್ತಾರೆ, ಅಷ್ಟರಲ್ಲಿ ವರ್ಗಾವಣೆ. ಅವರಿಗೆ ಮುರಗೋಡದಲ್ಲೇ ಒಂದು ಕಲಿಮನೆ ತೆರೆದರೆ? ಮುಂಜಾನೆ ಪಾಠ, ಐತವಾರ ರೇಣುಕಾಸಾಗರದ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುವುದು. ಕಲಿಸಲು ನಮ್ಮ ಓಣಿಯ ನಿವೃತ್ತ ಮಾಸ್ತರರಿದ್ದಾರೆ, ಮನೆಯಲ್ಲಿ ಮರಾಠಿ, ಹೊರಗೆ ಕಂಚಿನ ಕಂಠದ ಕನ್ನಡ. ಅವರು ಹೂಂ ಅಂದಿದ್ದಾರೆ. ಊಟದ ಜವಾಬ್ದಾರಿ ಅಕ್ಕನದು. ಆಕೆಯ ಕರಾರು ಮಾತ್ರ ಬಿಗಿ: "ರೊಟ್ಟಿ, ಪಲ್ಯಾ, ಚಟ್ನಿ ಎಷ್ಟು ಬೇಕಾದಷ್ಟು ಹಾಕ್ತೇನಿ. ಆದರ ಹಿಂದಿಯೊಳಗ ಕೇಳಿದ್ರ ನೀರೂ ಕೊಡಂಗಿಲ್ಲ." ಅಳಿಯ ಫೀ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತಿದ್ದಾನೆ.