ಹಿಟ್ಟಿನ ಕೈಗೊಂದು ಆ್ಯಪು

ಅಡುಗೆಯ ಆ್ಯಪ್ ಮಾಡುವವರನ್ನೆಲ್ಲ ಒಮ್ಮೆ ಅಕ್ಕಿರೊಟ್ಟಿ ತಟ್ಟಲು ಕೂರಿಸಬೇಕು ಎಂಬುದು ನನ್ನ ವಾದ. ಅಣ್ಣನ ಮಗಳು ಅಂಥದೊಂದು ಕಂಪನಿಯಲ್ಲಿ ಡಿಸೈನರ್. "ರೆಸಿಪಿ ನೋಡ್ಕೊಂಡು ಅಡುಗೆ ಮಾಡೋದು ಇನ್ನೂ ಸುಲಭ ಆಗ್ಬೇಕು ಅತ್ತೆ, ಹೊಸ ಫೀಚರ್ ಏನಾದ್ರೂ ಹೇಳು" ಎಂದಳು. ಕೇಳದೆಯೇ ಸಲಹೆ ಕೊಡುವವಳು ನಾನು. ಕೇಳಿದ ಮೇಲೆ ಬಿಡುತ್ತೇನೆಯೇ?

ಮೊದಲ ಮಾತು ಕೈಯದು. ಅಡುಗೆ ಮಾಡುವವರ ಕೈ ಒದ್ದೆ, ಇಲ್ಲವೇ ಹಿಟ್ಟು, ಇಲ್ಲವೇ ಎಣ್ಣೆ. ಫೋನಿನ ಪರದೆಗೆ ಬೇಕಾದ್ದು ಒಣ ಬೆರಳು. ನೀರಿನಲ್ಲೂ ವಿದ್ಯುತ್ ಹರಿಯುವುದರಿಂದ ಗಾಜಿನ ಮೇಲೆ ಬಿದ್ದ ಹನಿಯನ್ನೂ ಅದು ಬೆರಳೆಂದೇ ಬಗೆಯುತ್ತದೆ. ರೊಟ್ಟಿ ಹೆಂಚಿನ ಮೇಲಿರುವಾಗ ಪುಟ ತಾನಾಗಿ ಹಾರಿ ಚಾಕೊಲೇಟ್ ಕೇಕಿಗೆ ಹೋಗಿ ನಿಂತಿರುತ್ತದೆ. ಹಾರದಿದ್ದರೆ ಪರದೆಯೇ ಕಪ್ಪಾಗಿರುತ್ತದೆ. ಎಬ್ಬಿಸಲು ಮೂಗಿನ ತುದಿಯೇ ಗತಿ. "ವಾಯ್ಸ್ ಕಮಾಂಡ್ ಇದೆಯಲ್ಲ" ಎಂದಳು. ಮಿಕ್ಸಿ ತಿರುಗುವಾಗ ಪಕ್ಕದಲ್ಲಿ ನಿಂತ ಗಂಡಸಿಗೇ ನಮ್ಮ ಮಾತು ಕೇಳಿಸದು, ಫೋನಿಗೆ ಕೇಳೀತೇ? ಅಡುಗೆ ಮುಗಿಯುವವರೆಗೆ ಪರದೆ ಆರದಿರಲಿ, ಅದರ ಕೆಳಗಿನ ಅರ್ಧ ಪೂರ್ತಿ ಒಂದೇ ಗುಂಡಿಯಾಗಲಿ, ಮೊಣಕೈಯಲ್ಲಿ ಒತ್ತಿದರೂ ಮುಂದಿನ ಹಂತ ಬರಲಿ ಎಂದೆ.

ನೋಡಿದರೆ ನಮ್ಮವರು ಈ ತೊಡಕನ್ನು ಎಂದೋ ಬಿಡಿಸಿದ್ದರು. 1508ರ ಸುಮಾರಿಗೆ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಅಡುಗೆಯ ಪುಸ್ತಕವೇ, ಆದರೆ ಷಟ್ಪದಿಯಲ್ಲಿದೆ. ಬಾಯಿಪಾಠವಾದ ಪದ್ಯಕ್ಕೆ ಓಲೆ ತಿರುವುವ ಗೋಜಿಲ್ಲ, ಕೈಯೆರಡೂ ಸೌಟಿಗೇ ಮೀಸಲು.

ಎರಡನೆಯ ತಕರಾರು ಸಾಮಾನಿನ ಪಟ್ಟಿಯದು. 'ಹುರಿದು ಪುಡಿ ಮಾಡಿದ ಧನಿಯ ಎರಡು ಚಮಚ, ತುರಿದ ಕಾಯಿ ಒಂದು ಬಟ್ಟಲು, ನೆನೆಸಿದ ಅವರೆಕಾಳು ಒಂದು ಪಾವು.' ಕಣ್ಣಿಗೆ ಇದು ಬರೀ ಸಾಮಾನು. ನಿಜದಲ್ಲಿ ಹುರಿ, ಪುಡಿಮಾಡು, ತುರಿ, ನೆನೆಸು ಎಂಬ ಕೆಲಸಗಳೆಲ್ಲ ಅದರೊಳಗೆ ಅಡಗಿ ಕೂತಿರುತ್ತವೆ. ಕೆಳಗೆ ಮಾತ್ರ ಧೈರ್ಯವಾಗಿ 'ಇಪ್ಪತ್ತೇ ನಿಮಿಷದಲ್ಲಿ ತಯಾರು' ಎಂದಿರುತ್ತದೆ. ಬೆಳಿಗ್ಗೆ ಏಳಕ್ಕೆ ಇಡ್ಲಿಯ ಆಸೆಯಾಗಿ ಆ್ಯಪ್ ತೆರೆದವರಿಗೆ 'ಹುದುಗಿದ ಹಿಟ್ಟು' ಎಂಬ ಮೊದಲ ಸಾಲೇ ಇಡೀ ನಿನ್ನೆಯನ್ನು ಬೇಡುತ್ತದೆ. ಆದ್ದರಿಂದ ಈ ಕೆಲಸಗಳನ್ನು ಪಟ್ಟಿಯಿಂದ ಹೊರಗೆಳೆದು ಹೊತ್ತಿನ ಸಾಲಿಗೆ ಹಾಕಬೇಕು. ನಾಳೆ ಬೆಳಗಿನ ತಿಂಡಿ ಇಡ್ಲಿ ಎಂದು ಗುರುತು ಹಾಕಿದರೆ, ಇವತ್ತು ಮಧ್ಯಾಹ್ನವೇ ಆ್ಯಪು 'ಉದ್ದು ನೆನೆಹಾಕಿ' ಎಂದು ಗುಣುಗಬೇಕು. ಚಳಿಗಾಲವಾದರೆ ಇನ್ನಷ್ಟು ಮುಂಚೆಯೇ ರುಬ್ಬಲು ಹೇಳಬೇಕು. ಇದನ್ನು ಅವಳು ಬರೆದುಕೊಂಡಳು.

ಅಳತೆಗೆ ಬಂದಾಗ ಅವಳು ಗ್ರಾಮಿನ ಪಕ್ಷ, ನಾನು ಲೋಟದ ಪಕ್ಷ. 1896ರಲ್ಲಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ತನ್ನ ಅಡುಗೆ ಪುಸ್ತಕದಲ್ಲಿ ಕಪ್ಪು, ಚಮಚಗಳನ್ನು ಅಂಚಿಗೆ ಸಮನಾಗಿ ಗೀರಿ ಅಳೆಯಬೇಕೆಂದು ಪಟ್ಟುಹಿಡಿದಳು. ನಮ್ಮ ಉಪ್ಪಿಟ್ಟಿಗೆ ಅಷ್ಟು ಶಿಸ್ತು ಬೇಡ. ರವೆ ಒಂದು ಲೋಟ, ನೀರು ಅದೇ ಲೋಟದಲ್ಲಿ ಎರಡೂವರೆ. ಲೋಟ ಯಾವುದಾದರೇನು, 'ಅದೇ' ಆಗಿದ್ದರೆ ಸಾಕು. ಆ್ಯಪು ಒಂದು ಸಲ ನಮ್ಮ ಮನೆಯ ಲೋಟದ ಗಾತ್ರ ಕೇಳಿ ನೆನಪಿಟ್ಟುಕೊಂಡರೆ, ಹೊರಗಿನ ರೆಸಿಪಿಗಳನ್ನೂ ಆ ಲೋಟಕ್ಕೇ ಹೊಂದಿಸಿಕೊಡಬಹುದು.

ಗುಣಾಕಾರದ ಗುಂಡಿಯೊಂದು ಈಗಲೂ ಇದೆ. ನಾಲ್ಕು ಜನರ ಹುಳಿಯನ್ನು ನಲವತ್ತಕ್ಕೆ ಏರಿಸಿದರೆ ಅದು ಎಲ್ಲವನ್ನೂ ಹತ್ತುಪಟ್ಟು ಮಾಡಿ ಕೈತೊಳೆದುಕೊಳ್ಳುತ್ತದೆ. ಬೇಳೆ ಹತ್ತುಪಟ್ಟು ಸರಿ. ನೀರು ಆವಿಯಾಗುವುದು ಪಾತ್ರೆಯ ಬಾಯಿಯ ಅಗಲದಿಂದ, ಊಟದವರ ಲೆಕ್ಕದಿಂದಲ್ಲ. ದೊಡ್ಡ ಕೊಳಗ ಕುದಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕುದಿ ಬಂದ ಮೇಲೆ ತರಕಾರಿ ಬೇಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ.

ನಿಮಿಷಗಳನ್ನೇ ನಂಬಿದರೆ ಊರೂ ಅಡ್ಡ ಬರುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯ ಬೇಳೆ ಇಲ್ಲಿ ತಡವಾಗಿ ಬೇಯುತ್ತದೆ. ಕುಕ್ಕರಿನ 'ಮೂರು ಕೂಗು' ಕೂಡ ಉರಿಯನ್ನೂ ಒಳಗಿನ ನೀರನ್ನೂ ಅವಲಂಬಿಸಿದ್ದು. ಆದ್ದರಿಂದ ಹಂತ ಮುಗಿಯುವುದನ್ನು ಗಡಿಯಾರದಿಂದಲ್ಲ, ಗುರುತಿನಿಂದ ಹೇಳಲಿ: ಬೇಳೆ ಬೆರಳಿಗೆ ಹಿಚುಕಿದರೆ ನುಣ್ಣಗಾಗಬೇಕು, ಪಾಕ ಎರಡು ಬೆರಳ ನಡುವೆ ಒಂದೆಳೆ ಬಿಡಬೇಕು. ಪ್ರತಿ ಹಂತಕ್ಕೂ ಹತ್ತು ಸೆಕೆಂಡಿನ ವಿಡಿಯೊ ಸಾಕು, ಸಾಸಿವೆ ಸಿಡಿಯುವ ಸದ್ದಿನ ಸಮೇತ. ಈಗಿನ ಇಪ್ಪತ್ತು ನಿಮಿಷದ ವಿಡಿಯೊಗಳಲ್ಲಿ 'ನಮಸ್ಕಾರ ವೀಕ್ಷಕರೇ'ಯಿಂದ ಹಿಡಿದು ಸಬ್‌ಸ್ಕ್ರೈಬ್‌ವರೆಗೆ ಎಲ್ಲವೂ ಸ್ಪಷ್ಟ. ಆ ಒಂದೆಳೆ ಮಾತ್ರ ಅಡುಗೆಯವರ ಬೆನ್ನ ಹಿಂದೆ ಆಗಿಹೋಗಿರುತ್ತದೆ.

ಕೊನೆಗೆ ನನ್ನ ಮುಖ್ಯ ಬೇಡಿಕೆ ಇಟ್ಟೆ: ಒಂದೇ ಅಡುಗೆಯನ್ನು ಮತ್ತೆ ಮತ್ತೆ ಮಾಡಿದಂತೆ ಆ್ಯಪಿನ ಮಾತು ಕಡಿಮೆಯಾಗುತ್ತ ಬರಲಿ. ಮೊದಲ ಸಲ ಎಲ್ಲ ಹಂತ, ಕೈ ಪಳಗಿದ ಮೇಲೆ ಅಳತೆಯಷ್ಟೇ, ಆಮೇಲೆ ಬರೀ ಅಡುಗೆಯ ಹೆಸರು. ಕಲಿಸುವುದೆಂದರೆ ಅಷ್ಟೇ ತಾನೆ?

"ಜನ ಆ್ಯಪ್ ತೆರೆಯೋದನ್ನೇ ಬಿಟ್ಟರೆ ನನ್ನ ಕೆಲಸ ಹೋಗುತ್ತೆ ಅತ್ತೆ" ಎಂದಳು.

"ಹೋದರೆ ಹೋಗಲಿ, ಅಷ್ಟರೊಳಗೆ ನಿನಗೆ ಹುಳಿ ಮಾಡಲು ಬಂದಿರುತ್ತದೆ" ಎಂದೆ. ಅದನ್ನು ಮಾತ್ರ ಅವಳು ಬರೆದುಕೊಳ್ಳಲಿಲ್ಲ.